ಸಿಡ್ನಿಯ ಕಡಲಿಗೆ ಇಳಿಯುವ ಮುಂಚೆ: ಶಾರ್ಕ್ ಬಲೆಯನ್ನು ನಂಬದೆ ಹುಷಾರಾಗಿರುವುದು ಹೇಗೆ

"ಬಾಂಡೈನಲ್ಲಿ ಶಾರ್ಕ್ ಬಲೆ ಹಾಕಿದ್ದಾರಂತೆ, ಮಕ್ಕಳನ್ನು ನೀರಿಗೆ ಬಿಡಬಹುದು ಅಲ್ವಾ?" ಬೇಸಿಗೆ ಬಂತೆಂದರೆ ನಮ್ಮ ಕನ್ನಡದ ಗೆಳತಿಯರಲ್ಲಿ ಯಾರಾದರೊಬ್ಬರು ಈ ಪ್ರಶ್ನೆ ಕೇಳುತ್ತಾರೆ. ನಾನು ಸಿಡ್ನಿಯ ಟೂಂಗಾಬಿಗೆ ಬಂದು ಹನ್ನೊಂದು ವರ್ಷವಾಯಿತು. ಹುಟ್ಟಿದ್ದು ಗಂಗೊಳ್ಳಿಯ ಮೀನುಗಾರರ ಮನೆಯಲ್ಲಿ. ಇಲ್ಲಿಗೆ ಬಂದ ಹೊಸತರಲ್ಲಿ ನಾನೂ ಬಲೆ ಅಂದರೆ ಕೊಲ್ಲಿಗೆ ಅಡ್ಡ ಕಟ್ಟಿದ ಬೇಲಿ ಅಂದುಕೊಂಡಿದ್ದೆ.

ಊರಿನ ಚಿಕ್ಕಪ್ಪನಿಗೆ ಒಮ್ಮೆ ಫೋನಿನಲ್ಲಿ ಅದರ ಅಳತೆ ಹೇಳಿದೆ. ಉದ್ದ 150 ಮೀಟರ್, ಎತ್ತರ 6 ಮೀಟರ್, ದಡದಿಂದ ಸುಮಾರು ಅರ್ಧ ಕಿಲೋಮೀಟರ್ ದೂರ, ಹತ್ತು ಹನ್ನೆರಡು ಮೀಟರ್ ಆಳದ ನೀರು, ಬಲೆಯ ಒಂದೊಂದು ಕಣ್ಣು 60 ಸೆಂಟಿಮೀಟರ್. ಅವರು ಕೇಳಿದ್ದು ಒಂದೇ ಮಾತು. "ಎರಡು ತುದಿ ಎಲ್ಲಿಗೆ ಕಟ್ತಾರೆ?" ದಡಕ್ಕೆ ಎಲ್ಲೂ ಕಟ್ಟುವುದಿಲ್ಲ ಅಂದೆ. "ಹಾಂಗಾರೆ ಅದು ಬೇಲಿ ಅಲ್ಲ ಮಗಾ, ಮೀನು ಹಿಡಿಯುವ ಬಲೆ."

ಅವರು ಹೇಳಿದ್ದು ಪೂರ್ತಿ ನಿಜ. ನ್ಯೂಕ್ಯಾಸಲ್‌ನಿಂದ ವುಲಂಗಾಂಗ್‌ವರೆಗೆ 51 ಬೀಚುಗಳಲ್ಲಿ ಹಾಕುವ ಈ ಬಲೆಗಳು 1937ರಲ್ಲಿ ಶುರುವಾದವು. ಶಾರ್ಕ್ ಇದರ ಮೇಲಿಂದ, ಪಕ್ಕದಿಂದ ಆರಾಮಾಗಿ ಬರುತ್ತದೆ. ಸಿಕ್ಕಿಬಿದ್ದ ಶಾರ್ಕ್‌ಗಳಲ್ಲಿ ಸುಮಾರು ಶೇ 40ರಷ್ಟು ದಡದ ಕಡೆಯಿಂದ ಬಂದು ಬಿದ್ದವು. ಅಂದರೆ ಜನ ಈಜುವ ಜಾಗಕ್ಕೆ ಬಂದು ವಾಪಸ್ ಹೋಗುತ್ತಿದ್ದವು! 2023-24ರ ಬೇಸಿಗೆಯಲ್ಲಿ ಬಲೆಗೆ ಬಿದ್ದ ಜೀವಿಗಳು 255. ಅವುಗಳಲ್ಲಿ ಬಲೆ ಯಾವುದಕ್ಕಾಗಿ ಇದೆಯೋ ಆ ಬಿಳಿ ಶಾರ್ಕ್, ಬುಲ್ ಶಾರ್ಕ್, ಟೈಗರ್ ಶಾರ್ಕ್ ಸೇರಿ ಬರೀ 15. ಉಳಿದವು ತೊರಕೆ (ರೇ) ಮೀನು, ಆಮೆ, ಡಾಲ್ಫಿನ್, ಯಾರಿಗೂ ತೊಂದರೆ ಕೊಡದ ಬೇರೆ ಶಾರ್ಕ್‌ಗಳು. ಆಮೆ, ಡಾಲ್ಫಿನ್ ಉಸಿರಿಗೆ ಮೇಲೆ ಬರಲೇಬೇಕು. ಬಲೆ ನೋಡಲು ದೋಣಿ ಬರುವಷ್ಟರಲ್ಲಿ ಎಷ್ಟೋ ಸಲ ಅವು ಉಸಿರು ಕಟ್ಟಿ ಸತ್ತಿರುತ್ತವೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಗಾದರೆ ಮಕ್ಕಳನ್ನು ಕಾಯುವುದು ಹೇಗೆ? ಹೆದರಿಕೆ ಸುಳ್ಳಲ್ಲ. 2025ರ ಸೆಪ್ಟೆಂಬರಿನಲ್ಲಿ ಸಿಡ್ನಿಯ ಉತ್ತರದ ಬೀಚಿನಲ್ಲಿ ಒಬ್ಬ ಸರ್ಫರ್ ಶಾರ್ಕ್ ದಾಳಿಯಲ್ಲಿ ತೀರಿಕೊಂಡರು. ಆ ಮನೆಯವರ ನೋವನ್ನು ಬದಿಗಿಟ್ಟು ನಾನು ಆಮೆಯ ಬಗ್ಗೆ ಮಾತಾಡಲಾರೆ. ಅದಕ್ಕೇ ಮೊದಲು ನಮ್ಮ ಜಾಗ್ರತೆಯ ವಿಷಯ.

ಹೊತ್ತು ನೋಡಿ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ, ರಾತ್ರಿ ನೀರಿಗೆ ಇಳಿಯಬೇಡಿ. ಜೋರು ಮಳೆ ಬಂದು ನೀರು ಕದಡಿದ್ದರೆ ಒಂದೆರಡು ದಿನ ಕಡಲನ್ನು ಬಿಟ್ಟುಬಿಡಿ. ಬುಲ್ ಶಾರ್ಕ್‌ಗೆ ಕೆಸರು ನೀರು, ಹೊಳೆ ಕಡಲಿಗೆ ಸೇರುವ ಅಳಿವೆ, ಎರಡೂ ಇಷ್ಟ. ನಮ್ಮೂರಲ್ಲಿ ಹಕ್ಕಿಗಳು ಒಂದೇ ಕಡೆ ಮುಗಿಬಿದ್ದು ಮುಳುಗುತ್ತಿದ್ದರೆ ದೋಣಿ ಅತ್ತ ತಿರುಗುತ್ತದೆ. ಇಲ್ಲಿ ಅದೇ ಗುರುತು ಕಂಡರೆ ನೀವು ದಡಕ್ಕೆ ತಿರುಗಿ. ಸಣ್ಣ ಮೀನಿನ ಹಿಂಡು ಇದ್ದಲ್ಲಿ ದೊಡ್ಡದೂ ಇರುತ್ತದೆ. ಮೀನು ಕೊಯ್ದ ಕಸವನ್ನು ಈಜುವ ಜಾಗದ ಹತ್ತಿರ ಎಸೆಯುವುದು ಬೇಡವೇ ಬೇಡ.

ಜಾಗ ನೋಡಿ. ಯಾವಾಗಲೂ ಕೆಂಪು-ಹಳದಿ ಬಾವುಟಗಳ ನಡುವೆ, ಲೈಫ್‌ಗಾರ್ಡ್ ಕಣ್ಣಿಗೆ ಬೀಳುವಂತೆ ಇರಿ. ಫೋನಿಗೆ 'ಶಾರ್ಕ್‌ಸ್ಮಾರ್ಟ್' ಆ್ಯಪ್ ಹಾಕಿಕೊಳ್ಳಿ. ಟ್ಯಾಗ್ (ಸಂಕೇತ ಕಳಿಸುವ ಪುಟ್ಟ ಸಾಧನ) ಹಾಕಿದ ಶಾರ್ಕ್ ಹತ್ತಿರ ಬಂದರೆ ಅದು ತಿಳಿಸುತ್ತದೆ. ಸೈರನ್ ಕೂಗಿದರೆ ಮೇಲೆ ಬನ್ನಿ, "ಇನ್ನೊಂದೇ ಅಲೆ" ಅಂತ ನಿಲ್ಲಬೇಡಿ.

ಚಿಕ್ಕ ಮಕ್ಕಳಿದ್ದರೆ ನನ್ನ ಮಾತು ಕೇಳಿ, ಬಂಡೆಕೊಳಗಳಿಗೆ ಹೋಗಿ. ಬ್ರಾಂಟಿಯಲ್ಲಿ, ಕೂಜಿಯ ವೈಲೀಸ್ ಬಾತ್ಸ್‌ನಲ್ಲಿ, ಡೀ ವೈಯಲ್ಲಿ ಕಡಲ ನೀರೇ ತುಂಬುವ ಕೊಳಗಳಿವೆ. ಒಳಕೊಲ್ಲಿಯ ಕ್ಲಿಫ್ಟನ್ ಗಾರ್ಡನ್ಸ್‌ನಲ್ಲಿ ಈಜುವ ಜಾಗವನ್ನು ಸುತ್ತಲೂ ಬಲೆಯಿಂದ ಮುಚ್ಚಿದ್ದಾರೆ. ಅದು ನಿಜವಾದ ಬೇಲಿ. ಕಳೆದ ವರ್ಷ ಮಗಳು ನೀರ್ಗನ್ನಡಕ ಹಾಕಿ ಮುಳುಗಿದವಳು ಮೇಲೆ ಬಂದು ನನ್ನ ಕೈ ಹಿಡಿದೆಳೆದಳು. ಪಾಚಿ ಹತ್ತಿದ ಆ ಬಲೆಯ ದಾರಕ್ಕೆ ಬಾಲ ಸುತ್ತಿಕೊಂಡು ಒಂದು ಕಡಲಕುದುರೆ ನಿಂತಿತ್ತು. ನನ್ನ ಕಿರುಬೆರಳಿಗಿಂತ ಸ್ವಲ್ಪ ಉದ್ದ. ಅಲೆ ಬಂದಾಗ ದಾರದ ಜೊತೆಗೇ ತೂಗುತ್ತಿತ್ತು. ಅಳಿವಿನ ಅಂಚಿಗೆ ಬಂದಿರುವ ಜಾತಿ ಅದು, ಈ ಬಲೆಯನ್ನೇ ಮನೆ ಮಾಡಿಕೊಂಡಿದೆ. ಅಲ್ಲಿಗೆ ಹೋದರೆ ಬಲೆ ಹಿಡಿದು ಜಗ್ಗಬೇಡಿ, ಮಕ್ಕಳಿಗೂ ಹೇಳಿ.

ಹೊರಗಡಲಿನಲ್ಲಿ ತಿಮಿಂಗಿಲವೋ ಡಾಲ್ಫಿನ್ನೋ ಬಲೆಗೆ, ಹಗ್ಗಕ್ಕೆ ಸಿಕ್ಕಿದ್ದು ಕಂಡರೆ ಏನು ಮಾಡಬೇಕು? ಈಜಿಕೊಂಡು ಹೋಗಿ ಬಿಡಿಸುವ ಸಾಹಸ ಖಂಡಿತ ಬೇಡ. ಜೀವಕ್ಕೇ ಅಪಾಯ, ಬಲೆ ಮುಟ್ಟಿದರೆ ದಂಡವೂ ಬೀಳುತ್ತದೆ. ನಮ್ಮ ರಾಜ್ಯ ನ್ಯೂ ಸೌತ್ ವೇಲ್ಸ್‌ನಲ್ಲಿ 'ಓರ್ಕಾ' ಎಂಬ ಸ್ವಯಂಸೇವಕರ ಸಂಸ್ಥೆಗೆ ಫೋನ್ ಮಾಡಿ, ಅದರ ನಂಬರ್ ಇವತ್ತೇ ಸೇವ್ ಮಾಡಿಟ್ಟುಕೊಳ್ಳಿ. ಯಾವ ಬೀಚು, ಎಷ್ಟು ದೂರ, ಉಸಿರಾಡುತ್ತಿದೆಯಾ, ಹಗ್ಗಕ್ಕೆ ಕಟ್ಟಿದ ತೇಲುಬುರುಡೆಯ (ಬೋಯ) ಬಣ್ಣ ಯಾವುದು, ಯಾವ ಕಡೆ ಸಾಗುತ್ತಿದೆ, ಇಷ್ಟು ಹೇಳಿದರೆ ಸಾಕು. ಅವರು ಬರುವವರೆಗೆ ಕಣ್ಣು ತೆಗೆಯದೆ ನೋಡುತ್ತಿರಿ. ಕ್ವೀನ್ಸ್‌ಲ್ಯಾಂಡ್ ರಾಜ್ಯದ ಗೋಲ್ಡ್ ಕೋಸ್ಟ್ ಕಡೆ ಇರುವವರು ಚಳಿಗಾಲದಲ್ಲಿ ಜಾಸ್ತಿ ಗಮನ ಕೊಡಿ. ಇಲ್ಲಿ ಚಳಿಗಾಲಕ್ಕೆ ಬಲೆ ಎತ್ತುತ್ತಾರೆ, ಕ್ವೀನ್ಸ್‌ಲ್ಯಾಂಡಿನಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳು ಹಾದುಹೋಗುವಾಗಲೂ ಬಲೆ ನೀರಲ್ಲೇ ಇರುತ್ತದೆ.

ಕೊನೆಗೆ ಪತ್ರ. ಬಲೆಯ ಲೆಕ್ಕವನ್ನು ಸರ್ಕಾರವೇ ವರ್ಷಕ್ಕೊಮ್ಮೆ ಪ್ರಕಟಿಸುತ್ತದೆ. ಅದರಲ್ಲಿ ನೀವು ಹೋಗುವ ಬೀಚಿನ ಸಾಲು ಹುಡುಕಿ. ಏನೇನು ಬಿತ್ತು, ಎಷ್ಟು ಬದುಕಿತು, ಎಷ್ಟು ಸತ್ತಿತು, ಬರೆದುಕೊಳ್ಳಿ. ಆಮೇಲೆ ನಿಮ್ಮ ಎಂಪಿಗೆ ಒಂದು ಪುಟ ಬರೆಯಿರಿ. ಬೈಯಬೇಡಿ. ನಾನು ಈ ಬೀಚಿನಲ್ಲಿ ಮಕ್ಕಳನ್ನು ಈಜಿಸುವ ತಾಯಿ ಅಂತಲೇ ಶುರುಮಾಡಿದ್ದೆ. ಬಲೆಯ ಬದಲು ಏನು ಬೇಕು ಅಂತಲೂ ಕೇಳಿ. ಹೆಚ್ಚು ಡ್ರೋನ್ ಕಾವಲು, ಟ್ಯಾಗ್ ಗುರುತಿಸುವ ಯಂತ್ರಗಳು, ಸ್ಮಾರ್ಟ್ ಡ್ರಮ್‌ಲೈನ್‌ಗಳು. ಡ್ರಮ್‌ಲೈನ್ ಅಂದರೆ ತೇಲುಬುರುಡೆಗೆ ಕಟ್ಟಿದ, ಎರೆ ಸಿಕ್ಕಿಸಿದ ಗಾಳ. ಸ್ಮಾರ್ಟ್ ಡ್ರಮ್‌ಲೈನ್‌ನ ಗಾಳಕ್ಕೆ ಏನಾದರೂ ಸಿಕ್ಕರೆ ತಕ್ಷಣ ದೋಣಿಯವರಿಗೆ ಸಂದೇಶ ಹೋಗುತ್ತದೆ. ಅವರು ಅರ್ಧ ಗಂಟೆಯೊಳಗೆ ಬಂದು, ಶಾರ್ಕ್‌ಗೆ ಟ್ಯಾಗ್ ಹಾಕಿ, ದೂರ ಒಯ್ದು ಬಿಡುತ್ತಾರೆ. ಕ್ವೀನ್ಸ್‌ಲ್ಯಾಂಡಿನ ಹಳೇ ಡ್ರಮ್‌ಲೈನ್‌ಗೆ ಆ ಸಂದೇಶದ ವ್ಯವಸ್ಥೆ ಇಲ್ಲ. ಗಾಳಕ್ಕೆ ಸಿಕ್ಕ ಜೀವ ಅಲ್ಲೇ ಒದ್ದಾಡುತ್ತದೆ. ಹಾಗಾಗಿ ಪತ್ರದಲ್ಲಿ 'ಸ್ಮಾರ್ಟ್' ಪದ ಮರೆಯಬೇಡಿ.

ನಮ್ಮ ಗುಂಪಿನ ಬೇಸಿಗೆ ಪಿಕ್‌ನಿಕ್ ಈಗ ಬೆಳಿಗ್ಗೆ ಆರರ ಬದಲು ಒಂಬತ್ತೂವರೆಗೆ, ಬ್ರಾಂಟಿಯ ಕೊಳದ ಹತ್ತಿರ. ಚಿತ್ರಾನ್ನ ನಾನು ತರುತ್ತೇನೆ. ಪತ್ರ ಬರೆಯಲು ಯಾರಿಗಾದರೂ ಸಹಾಯ ಬೇಕಿದ್ದರೆ ಪೆನ್ನು, ಕಾಗದವನ್ನೂ ತರುತ್ತೇನೆ.