ಗುರುವಾರದ ರಾತ್ರಿಗೆ ಸ್ಟೇಕ್ ಮತ್ತು ನ್ಯೋಕ್ಕಿ, ಒಂದೇ ಬಾಣಲೆಯಲ್ಲಿ

ಇಟಲಿಯ ವೆರೋನಾದ ನಮ್ಮ ಮನೆಯಲ್ಲಿ ಗುರುವಾರದ ರಾತ್ರಿ ಏನು ಅಡುಗೆ ಎಂದು ಯಾರೂ ಕೇಳುವುದಿಲ್ಲ. ಬಾಣಲೆಯಲ್ಲಿ ಹುರಿದ ದನದ ಮಾಂಸದ ದಪ್ಪ ತುಂಡು, ಜೊತೆಗೆ ಅದೇ ಬಾಣಲೆಯ ರಸ ಹೀರಿಕೊಂಡ, ಆಲೂಗಡ್ಡೆಯ ಪುಟ್ಟ ಉಂಡೆಗಳಾದ ನ್ಯೋಕ್ಕಿ. ನಾನು ಕಚೇರಿಯಿಂದ ಏಳು ಗಂಟೆಗೆ ಬರುತ್ತೇನೆ. ಎಂಟಕ್ಕೆ ಊಟಕ್ಕೆ ಕುಳಿತಿರುತ್ತೇವೆ.

ಗುರುವಾರಕ್ಕೊಂದು ಕಾರಣವಿದೆ. ‘ಗುರುವಾರ ನ್ಯೋಕ್ಕಿ, ಶುಕ್ರವಾರ ಮೀನು, ಶನಿವಾರ ಬೋಟಿ’ ಎನ್ನುವುದು ರೋಮಿನವರ ಹಳೆಯ ಮಾತು. ಶುಕ್ರವಾರ ಮಾಂಸ ಬಿಡುವವರು ಹಿಂದಿನ ದಿನ ಗಟ್ಟಿ ಊಟ ಮಾಡಿ ಮುಗಿಸುತ್ತಿದ್ದರು. ಮಂಗಳೂರಿನ ಕ್ಯಾಥೊಲಿಕ್ ಮನೆಯಲ್ಲಿ ಬೆಳೆದ ನನಗೆ ಈ ಲೆಕ್ಕ ಹೇಳಿಕೊಡಬೇಕಾಗಿರಲಿಲ್ಲ. ವೆರೋನಾದಲ್ಲಂತೂ ನ್ಯೋಕ್ಕಿಗೆಂದೇ ಮೆರವಣಿಗೆ ಇದೆ. ಈಸ್ಟರ್‌ಗೆ ಮುಂಚಿನ ಉಪವಾಸದ ತಪಸ್ಸು ಕಾಲಕ್ಕೆ ಮೊದಲಿನ ಕೊನೆಯ ಶುಕ್ರವಾರ, ಬಿಳಿ ಗಡ್ಡದ ವೇಷಧಾರಿ ‘ಪಪಾ ದೆಲ್ ನ್ಯೋಕೊ’ (ನ್ಯೋಕ್ಕಿಯ ಅಪ್ಪ) ದೊಡ್ಡದೊಂದು ಫೋರ್ಕಿನ ತುದಿಗೆ ನ್ಯೋಕ್ಕಿ ಚುಚ್ಚಿ ಹಿಡಿದು ಊರೆಲ್ಲ ಸುತ್ತುತ್ತಾನೆ.

ನ್ಯೋಕ್ಕಿ ಎಂದರೇನು ಎಂದು ಊರಿನವರು ಕೇಳಿದರೆ ನಾನು ಪುಂಡಿಯ ಹೆಸರು ಹೇಳುತ್ತೇನೆ. ತುಳುವಿನವರ ಪುಂಡಿ, ನಮ್ಮ ಕೊಂಕಣಿಯ ಮುಟ್ಲಿ. ಅಕ್ಕಿಯ ಬದಲು ಆಲೂಗಡ್ಡೆ, ಹಬೆಯ ಬದಲು ಕುದಿಯುವ ನೀರು, ಗಾತ್ರ ಬೆರಳ ತುದಿಯಷ್ಟು. ಅಮ್ಮ ಇಲ್ಲಿಗೆ ಬಂದಾಗ ನಾನು ಹಿಟ್ಟು ಕತ್ತರಿಸುತ್ತಿದ್ದೆ. ಪಕ್ಕದಲ್ಲಿ ನಿಂತವರು ಒಂದು ತುಂಡನ್ನು ಎತ್ತಿಕೊಂಡು, ಯಾರೂ ಹೇಳದೆಯೇ ಹೆಬ್ಬೆರಳಿನಿಂದ ನಡುವೆ ಒತ್ತಿ ಗುಳಿ ಮಾಡಿ ಇಟ್ಟರು. ಇಲ್ಲಿಯ ಅಜ್ಜಿಯರೂ ಹಾಗೆಯೇ ಒತ್ತುತ್ತಾರೆ. ಗುಳಿಯಿಂದ ನಡುಭಾಗವೂ ಬೇಯುತ್ತದೆ, ಸಾರು ನಿಲ್ಲಲು ಜಾಗವೂ ಆಗುತ್ತದೆ.

ಈ ಅಡುಗೆಯಲ್ಲಿ ಕಲಿಯಬೇಕಾದದ್ದು ಸಮಯದ ಹೊಂದಾಣಿಕೆ. ಬೆಂದ ಮಾಂಸವನ್ನು ಕೂಡಲೇ ಕತ್ತರಿಸಬಾರದು, ಏಳೆಂಟು ನಿಮಿಷ ಸುಮ್ಮನೆ ಬಿಡಬೇಕು. ನ್ಯೋಕ್ಕಿ ಬೇಯಿಸಿ ಹುರಿಯುವುದಕ್ಕೂ ಏಳೆಂಟು ನಿಮಿಷವೇ ಬೇಕು. ಇವೆರಡನ್ನೂ ಒಟ್ಟಿಗೆ ಕೂರಿಸಿದರೆ ವಾರದ ಮಧ್ಯದಲ್ಲೂ ಈ ಊಟ ಸುಲಭ. ಮೊದಮೊದಲು ನಾನು ಎರಡನ್ನೂ ಬೇರೆ ಬೇರೆ ಪಾತ್ರೆಗಳಲ್ಲಿ ಒಟ್ಟಿಗೆ ಆರಂಭಿಸುತ್ತಿದ್ದೆ. ನ್ಯೋಕ್ಕಿ ಅಂಟಾಗಿ ಕಾಯುತ್ತಿತ್ತು, ಮಾಂಸದ ರಸವೆಲ್ಲ ಹಲಗೆಯ ಮೇಲೆ ಹರಿದು ಹೋಗುತ್ತಿತ್ತು.

ಇಬ್ಬರಿಗೆ ಸುಮಾರು 400 ಗ್ರಾಂ ಮಾಂಸ ಸಾಕು. ನಾನು ‘ಕೊಂತ್ರೊಫಿಲೆತ್ತೊ’ ತರುತ್ತೇನೆ. ಅದು ಬೆನ್ನಿನ ಹಿಂಭಾಗದ ಮಾಂಸ, ಒಂದು ಅಂಚಿನಲ್ಲಿ ಬಿಳಿ ಕೊಬ್ಬಿನ ಪಟ್ಟಿ ಇರುತ್ತದೆ. ಇಬ್ಬರಿಗೆ ಎರಡು ತೆಳು ತುಂಡು ತರುವ ಬದಲು ಎರಡು ಬೆರಳು ದಪ್ಪದ ಒಂದೇ ತುಂಡು ಕೇಳಿ ಪಡೆಯಿರಿ. ತೆಳು ತುಂಡಿನ ಹೊರಭಾಗ ಕೆಂಪಗಾಗುವಷ್ಟರಲ್ಲಿ ಒಳಭಾಗ ಒಣಗಿರುತ್ತದೆ. ದನದ ಮಾಂಸ ತಿನ್ನದವರು ದಪ್ಪನೆಯ ಹಂದಿಮಾಂಸದ ತುಂಡಿನಲ್ಲಿ ಇದೇ ಕ್ರಮ ಅನುಸರಿಸಬಹುದು, ಆದರೆ ಅದರ ನಡುಭಾಗ 63 ಡಿಗ್ರಿ ಮುಟ್ಟುವ ಮೊದಲು ಇಳಿಸಬಾರದು.

ಮನೆಗೆ ಬಂದ ತಕ್ಷಣ, ಬಟ್ಟೆ ಬದಲಿಸುವುದಕ್ಕೂ ಮೊದಲು, ಮಾಂಸವನ್ನು ಫ್ರಿಜ್‌ನಿಂದ ತೆಗೆದು ಎರಡೂ ಬದಿಗೆ ಉಪ್ಪು ಸವರಿ ಇಡಿ. ಉಪ್ಪು ಬಿದ್ದ ಕೂಡಲೇ ಮಾಂಸ ನೀರು ಬಿಡುತ್ತದೆ. ಮುಕ್ಕಾಲು ಗಂಟೆ ಕಳೆದರೆ ಆ ನೀರಿನ ಬಹುಭಾಗವನ್ನು ಉಪ್ಪಿನ ಸಮೇತ ತಾನೇ ಹೀರಿಕೊಳ್ಳುತ್ತದೆ. ಅಷ್ಟು ಸಮಯ ಇಲ್ಲದಿದ್ದರೆ ಬಾಣಲೆಗೆ ಹಾಕುವ ಕ್ಷಣದಲ್ಲಿ ಉಪ್ಪು ಹಾಕಿ. ಹತ್ತು ಹದಿನೈದು ನಿಮಿಷ ಮೊದಲು ಹಾಕುವುದು ಮಾತ್ರ ಬೇಡ. ಆಗ ಮಾಂಸ ನೀರಿನಲ್ಲಿ ತೊಯ್ದಿರುತ್ತದೆ.

ಹುರಿಯುವ ಮುನ್ನ ಕಾಗದದ ಟವೆಲ್‌ನಿಂದ ಒತ್ತಿ ಒತ್ತಿ ಒರೆಸಿ. ಬೆರಳಿಗೆ ತೇವ ತಾಗಬಾರದು. ಮೇಲೆ ನೀರಿದ್ದರೆ ಅದು ಆವಿಯಾಗುವವರೆಗೂ ಮಾಂಸದ ಮೇಲ್ಮೈ 100 ಡಿಗ್ರಿಯ ಆಸುಪಾಸಿನಲ್ಲೇ ನಿಂತಿರುತ್ತದೆ. ಕಂದು ಬಣ್ಣ, ಆ ಹುರಿದ ಘಮ ಎಲ್ಲ ಬರುವುದು 140 ಡಿಗ್ರಿಯ ಸುಮಾರಿಗೆ. ಒದ್ದೆ ಮಾಂಸ ಬೇಯುತ್ತದೆ, ಹುರಿಯುವುದಿಲ್ಲ.

ಪಾತ್ರೆಯ ವಿಷಯದಲ್ಲಿ ನನಗೆ ಹಟವಿದೆ. ಬೀಡಿನ ಬಾಣಲೆಯೇ ಆಗಬೇಕು, ತಳ ಅಗಲವಾಗಿ ಸಮತಟ್ಟಾಗಿರಬೇಕು. ತಣ್ಣನೆಯ ಮಾಂಸ ಬಿದ್ದರೂ ಅದರ ಕಾವು ಬೇಗ ಇಳಿಯುವುದಿಲ್ಲ. ಊರಿನಿಂದ ತಂದ ಬೀಡಿನ ಕಾವಲಿಯೂ ನನ್ನ ಬಳಿ ಇದೆ, ಆದರೆ ಅದು ನೀರುದೋಸೆಗೆ ಮೀಸಲು. ಮಾಂಸ ಹುರಿದು ಬೆಣ್ಣೆ ಕರಗಿಸಿದ ಕಾವಲಿಯಲ್ಲಿ ನೀರುದೋಸೆ ಮೊದಲಿನಂತೆ ಎದ್ದು ಬರುವುದಿಲ್ಲ.

ಬಾಣಲೆಯನ್ನು ದೊಡ್ಡ ಉರಿಯಲ್ಲಿ ನಾಲ್ಕೈದು ನಿಮಿಷ ಕಾಯಿಸಿ. ಪಕ್ಕದ ಒಲೆಯಲ್ಲಿ ನ್ಯೋಕ್ಕಿಗೆ ನೀರು ಇಡಿ, ಲೀಟರಿಗೆ 10 ಗ್ರಾಂ ಉಪ್ಪು. ಒಂದು ಚಮಚ ಸೂರ್ಯಕಾಂತಿ ಎಣ್ಣೆ ಹಾಕಿ, ಮೊದಲು ಇಕ್ಕಳದಲ್ಲಿ ಮಾಂಸವನ್ನು ನೆಟ್ಟಗೆ ಹಿಡಿದು ಕೊಬ್ಬಿನ ಅಂಚನ್ನು ಒಂದು ನಿಮಿಷ ಬಾಣಲೆಗೆ ಒತ್ತಿ. ಕೊಬ್ಬು ಕರಗಿ ಬರುತ್ತದೆ. ಆಮೇಲೆ ಮಲಗಿಸಿ, ನಿಮಿಷಕ್ಕೊಮ್ಮೆ ಮಗುಚುತ್ತಾ ಹೋಗಿ. ಒಮ್ಮೆ ಮಾತ್ರ ಮಗುಚಬೇಕು ಎಂದು ಹಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಆಗಾಗ ಮಗುಚಿದರೆ ಎರಡೂ ಬದಿ ಸಮನಾಗಿ ಬೇಯುತ್ತದೆ. ಆರು ನಿಮಿಷವಾದಾಗ ಉರಿ ತಗ್ಗಿಸಿ 30 ಗ್ರಾಂ ಬೆಣ್ಣೆ, ಜಜ್ಜಿದ ಎರಡು ಬೆಳ್ಳುಳ್ಳಿ ಎಸಳು, ಆರೇಳು ಸಾಲ್ವಿಯಾ (ಸೇಜ್) ಎಲೆ ಹಾಕಿ. ಸಾಲ್ವಿಯಾ ಸಿಗದಿದ್ದರೆ ರೋಸ್‌ಮರಿ. ಬೆಣ್ಣೆ ನೊರೆಯೇಳುವಾಗ ಬಾಣಲೆಯನ್ನು ಓರೆ ಮಾಡಿ ಚಮಚದಿಂದ ಮಾಂಸದ ಮೇಲೆ ಸುರಿಯುತ್ತಿರಿ, ಒಂದು ನಿಮಿಷ ಸಾಕು.

ಬೆಂದಿತೋ ಇಲ್ಲವೋ ಎಂದು ಊಹಿಸಬೇಡಿ, ಕೆಲವೇ ಯೂರೊಗಳ ಥರ್ಮಾಮೀಟರ್ ತೆಗೆದುಕೊಳ್ಳಿ. ನಡುಭಾಗ 53 ಡಿಗ್ರಿ ತೋರಿಸಿದಾಗ ಇಳಿಸಿದರೆ, ಬಿಟ್ಟಷ್ಟು ಹೊತ್ತಿನಲ್ಲಿ ಇನ್ನೂ ಮೂರ್ನಾಲ್ಕು ಡಿಗ್ರಿ ಏರಿ ಗುಲಾಬಿ ಬಣ್ಣಕ್ಕೆ ನಿಲ್ಲುತ್ತದೆ. ಅಮೆರಿಕದ ಕೃಷಿ ಇಲಾಖೆ ಇಡೀ ತುಂಡಿನ ದನದ ಮಾಂಸಕ್ಕೆ 63 ಡಿಗ್ರಿ ಮತ್ತು ಮೂರು ನಿಮಿಷದ ವಿಶ್ರಾಂತಿ ಹೇಳುತ್ತದೆ. ಗರ್ಭಿಣಿಯರಿಗೆ, ಮಕ್ಕಳಿಗೆ, ವಯಸ್ಸಾದವರಿಗೆ ಬಡಿಸುವಾಗ ನಾನು ಅದಕ್ಕಿಂತ ಕಡಿಮೆಗೆ ಇಳಿಸುವುದಿಲ್ಲ. ಅಮ್ಮನಿಗೆ 70ರವರೆಗೆ ಬೇಯಿಸಿದೆ. ಕೆಂಪು ಕಾಣುವ ಮಾಂಸ ನಮ್ಮ ಮನೆಯಲ್ಲಿ ಹಸಿ ಮಾಂಸವೇ, ಅವರ ಆ ಅಭ್ಯಾಸವನ್ನು ಎಪ್ಪತ್ತರ ವಯಸ್ಸಿನಲ್ಲಿ ನಾನು ಬದಲಿಸಬೇಕಾಗಿಲ್ಲ.

ಮಾಂಸ ಹಲಗೆಗೆ ಹೋದ ಕೂಡಲೇ ನ್ಯೋಕ್ಕಿ ಕುದಿಯುವ ನೀರಿಗೆ ಇಳಿಯಬೇಕು. ಅಂಗಡಿಯ 500 ಗ್ರಾಂ ಪೊಟ್ಟಣ ಸಾಕು. ಕೊಳ್ಳುವಾಗ ಪೊಟ್ಟಣದ ಹಿಂದೆ ಓದಿ, ಆಲೂಗಡ್ಡೆಯ ಪ್ರಮಾಣ ಹೆಚ್ಚಿರುವುದನ್ನೇ ಆರಿಸಿ. ಒಂದೆರಡು ನಿಮಿಷಕ್ಕೆ ಒಂದೊಂದಾಗಿ ತೇಲಿ ಬರುತ್ತವೆ. ತೇಲಿದ್ದನ್ನು ಜಾಲರಿ ಸೌಟಿನಿಂದ ಎತ್ತಿ ನೇರವಾಗಿ ಬಾಣಲೆಗೆ ಹಾಕಿ. ಜರಡಿಗೆ ಸುರಿದರೆ ಒಂದರ ಮೇಲೊಂದು ಬಿದ್ದು ಅಪ್ಪಚ್ಚಿಯಾಗುತ್ತವೆ. ಅಷ್ಟರೊಳಗೆ ಬಾಣಲೆಯಲ್ಲಿ ಎರಡು ಚಮಚದಷ್ಟು ಕೊಬ್ಬು ಉಳಿಸಿ ಮಿಕ್ಕಿದ್ದನ್ನು ಬಸಿದಿರಬೇಕು, ಕಪ್ಪಾದ ಬೆಳ್ಳುಳ್ಳಿ ತೆಗೆದಿರಬೇಕು.

ಇನ್ನು ಎರಡು ನಿಮಿಷ ಕೈ ಹಾಕಬೇಡಿ. ಒಂದು ಬದಿ ಹೊಂಬಣ್ಣಕ್ಕೆ ಬಂದು ಗರಿಯಾಗಲಿ. ಆಮೇಲೆ ಎರಡು ಹಿಡಿ ಎಳೆ ಪಾಲಕ್, ನ್ಯೋಕ್ಕಿ ಬೆಂದ ನೀರು ಅರ್ಧ ಲೋಟ. ಆ ನೀರಿನಲ್ಲಿ ಪಿಷ್ಟ ಇರುವುದರಿಂದ ಕೊಬ್ಬಿನೊಂದಿಗೆ ಸೇರಿ ಸಾರು ಗಟ್ಟಿಯಾಗುತ್ತದೆ. ಮರದ ಸೌಟಿನಿಂದ ತಳ ಕೆರೆಯಿರಿ. ಮಾಂಸದಿಂದ ಅಂಟಿದ ಕಂದು ಪದರ ಕರಗಿ ನ್ಯೋಕ್ಕಿಯ ಗುಳಿಗಳಿಗೆ ಇಳಿಯುವುದನ್ನು ಕಣ್ಣಾರೆ ನೋಡಬಹುದು. ಹಲಗೆಯ ಮೇಲೆ ಮಾಂಸ ಬಿಟ್ಟ ರಸವನ್ನೂ ಇದಕ್ಕೇ ಸುರಿಯಿರಿ. ಒಲೆ ಆರಿಸಿ ಒಂದು ಹಿಡಿ ತುರಿದ ಗ್ರಾನಾ ಪದಾನೊ ಚೀಸ್, ಬೇಕಾದಷ್ಟು ಕಾಳುಮೆಣಸು. ನಾನು ಊರಿನ ಕಾಳುಮೆಣಸನ್ನು ಒರಟಾಗಿ ಕುಟ್ಟಿ ಹಾಕುತ್ತೇನೆ.

ಮಾಂಸವನ್ನು ಕತ್ತರಿಸುವ ಮುನ್ನ ನಾರು ಯಾವ ಕಡೆಗೆ ಹರಿದಿದೆ ಎಂದು ನೋಡಿ, ಅದಕ್ಕೆ ಅಡ್ಡವಾಗಿ ಕತ್ತರಿಸಿ.

ಶನಿವಾರ ಬಿಡುವಿದ್ದರೆ ನ್ಯೋಕ್ಕಿಯನ್ನು ನೀವೇ ಮಾಡಿಡಿ. ಒಂದು ಕಿಲೊ ಹಳೆಯ, ಹಿಟ್ಟು ಹಿಟ್ಟಾದ ಆಲೂಗಡ್ಡೆಯನ್ನು ಸಿಪ್ಪೆಯೊಂದಿಗೆ ಬೇಯಿಸಿ, ಬಿಸಿ ಇರುವಾಗಲೇ ಸುಲಿದು ಪುಡಿ ಮಾಡಿ, ಆವಿ ಹೋಗಲು ಹರಡಿ. ಒಂದು ಮೊಟ್ಟೆ, 250 ಗ್ರಾಂ ಮೈದಾ, ಚಿಟಿಕೆ ಉಪ್ಪು. ಚಪಾತಿ ಹಿಟ್ಟಿನಂತೆ ನಾದಬೇಡಿ, ಒಂದುಗೂಡಿದರೆ ಸಾಕು. ನಾದಿದಷ್ಟೂ ರಬ್ಬರ್ ಆಗುತ್ತದೆ. ಬೆರಳು ದಪ್ಪಕ್ಕೆ ಹೊಸೆದು, ಕತ್ತರಿಸಿ, ಹೆಬ್ಬೆರಳಿನಿಂದ ಒತ್ತಿ. ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ಫ್ರೀಜರ್‌ನಲ್ಲಿಟ್ಟು, ಕಲ್ಲಾದ ಮೇಲೆ ಚೀಲಕ್ಕೆ ತುಂಬಿ. ಗುರುವಾರ ಅದನ್ನು ಕರಗಲು ಬಿಡದೆ ನೇರವಾಗಿ ಕುದಿಯುವ ನೀರಿಗೆ ಹಾಕಿ. ನೀರು ಹೆಚ್ಚಿರಲಿ, ಎರಡು ಸಲಕ್ಕೆ ಹಾಕಿ, ತೇಲಲು ಒಂದು ನಿಮಿಷ ಹೆಚ್ಚು ಹಿಡಿಯುತ್ತದೆ. ಅಮ್ಮ ಊರಿಗೆ ಮರಳಿದ ಮೇಲೂ ಅವರು ಒತ್ತಿಟ್ಟ ಒಂದು ಚೀಲ ನಮ್ಮ ಫ್ರೀಜರ್‌ನಲ್ಲಿ ಉಳಿದಿತ್ತು. ಅವುಗಳ ಗುಳಿ ನನ್ನವಕ್ಕಿಂತ ಆಳ, ಬಾಣಲೆಯ ರಸ ಅವುಗಳಲ್ಲಿ ಹೆಚ್ಚು ನಿಂತಿತು.