ಸ್ವಂತ ವಿಮಾನವಿಲ್ಲದ ವಿಂಗ್‌ನ ಚರಿತ್ರೆ ಬರೆದದ್ದು

ಕ್ಯಾಲಿಫೋರ್ನಿಯಾದ ಟ್ರಾವಿಸ್ ವಾಯುನೆಲೆಯಲ್ಲಿ ನಾನು ರಿಸರ್ವ್ ಸೈನಿಕ. ವಾರವೆಲ್ಲ ಸಾಫ್ಟ್‌ವೇರ್ ಕೆಲಸ, ತಿಂಗಳಿಗೊಂದು ವಾರಾಂತ್ಯ ಯೂನಿಫಾರ್ಮ್. ನಾನಿರುವುದು ವಿಮಾನಕ್ಕೆ ಸಾಮಾನು ತುಂಬುವ ವಿಭಾಗದಲ್ಲಿ. ಪ್ಯಾಲೆಟ್ (ಸಾಮಾನು ಜೋಡಿಸುವ ಹಲಗೆ) ಕಟ್ಟುವುದು, ತೂಕ ಹಾಕುವುದು, ಬಲೆ ಬಿಗಿಯುವುದು, ಇಷ್ಟೇ. ಹೊಸದಾಗಿ ಸೇರುವವರು ಓದುವ ಹಾಗೆ ನಮ್ಮ 349ನೇ ವಿಂಗ್‌ನ ಚರಿತ್ರೆ ಬರೆದುಕೊಡು ಅಂತ ಕೇಳಿದಾಗ ಒಪ್ಪಿಕೊಂಡೆ. ವಿಂಗ್ ಅಂದರೆ ವಾಯುಪಡೆಯ ಒಂದು ದೊಡ್ಡ ಘಟಕ.

ಮೊದಲ ತೊಡಕು ಏನಂದ್ರೆ, ನಮಗೆ ಸ್ವಂತ ವಿಮಾನಗಳೇ ಇಲ್ಲ. 1969ರ ಜುಲೈನಲ್ಲಿ ಟ್ರಾವಿಸ್‌ಗೆ ಬಂದಾಗಿನಿಂದ ಇದು ‘ಅಸೋಸಿಯೇಟ್’ ವಿಂಗ್. ವಿಮಾನಗಳು ಅದೇ ನೆಲೆಯ ಫುಲ್‌ಟೈಮ್ ಸೈನಿಕರ 60ನೇ ವಿಂಗ್‌ನವು. ಅವನ್ನೇ ನಾವೂ ಹಾರಿಸುತ್ತೇವೆ, ನಾವೂ ತುಂಬುತ್ತೇವೆ. ಎಷ್ಟೋ ಸಲ ಒಂದೇ ವಿಮಾನದಲ್ಲಿ ಎರಡೂ ಕಡೆಯವರು ಇರುತ್ತಾರೆ. ಸಾಮಾನ್ಯವಾಗಿ ವಾಯುಪಡೆಯ ಚರಿತ್ರೆ ಬರೆಯುವವರು ವಿಮಾನದ ಬಾಲದ ನಂಬರ್ ಹಿಡಿದು ಹೋಗುತ್ತಾರೆ. ನಾನು ಹಾಗೆ ಹೋದರೆ ಪಕ್ಕದ ಮನೆಯವರ ಚರಿತ್ರೆ ಬರೆದಂತಾಗುತ್ತಿತ್ತು.

ಹಾಗಾಗಿ ವಂಶಾವಳಿಯಿಂದ ಶುರು ಮಾಡಿದೆ. ಅಲಬಾಮಾದ ಮ್ಯಾಕ್ಸ್‌ವೆಲ್ ನೆಲೆಯಲ್ಲಿ ವಾಯುಪಡೆಯ ಚರಿತ್ರೆಯ ಸಂಶೋಧನಾ ಸಂಸ್ಥೆ ಇದೆ. ಯಾವ ಘಟಕ ಯಾವಾಗ ಹುಟ್ಟಿತು, ಯಾವಾಗ ಮುಚ್ಚಿತು, ಯಾವ ಹೆಸರು, ಯಾವ ಊರು ಅನ್ನುವ ಪಟ್ಟಿ ಅವರಲ್ಲಿ ಸಿಗುತ್ತದೆ. ಓದೋಕೆ ರೈಲ್ವೆ ಟೈಮ್‌ಟೇಬಲ್ ಥರ. ಆದರೆ ಅದಿಲ್ಲದೆ ಒಂದು ಹೆಜ್ಜೆಯೂ ಇಡಬಾರದು. ಯಾಕಂದ್ರೆ ಇಲ್ಲಿ 349 ಅನ್ನುವುದು ಎರಡು. 1943ರ ನವೆಂಬರ್‌ನಲ್ಲಿ ಮಿಸ್ಸೂರಿಯ ಸಿಡೇಲಿಯಾದಲ್ಲಿ ಶುರುವಾದದ್ದು 349ನೇ ಗ್ರೂಪ್, ಅಂದರೆ ವಿಂಗ್‌ಗಿಂತ ಚಿಕ್ಕ ಘಟಕ. ಅದು 1945ರಲ್ಲಿ ಸಿ-46 ಸಾಗಣೆ ವಿಮಾನಗಳ ಜೊತೆ ಇಂಗ್ಲೆಂಡಿಗೆ, ಅಲ್ಲಿಂದ ಫ್ರಾನ್ಸಿಗೆ ಹೋಯಿತು. ಪೆಟ್ರೋಲು, ವಾಹನ ಸಾಗಿಸಿತು, ಗಾಯಾಳುಗಳನ್ನೂ ಬಿಡುಗಡೆಯಾದ ಕೈದಿಗಳನ್ನೂ ವಾಪಸ್ ತಂದಿತು. ವಿಂಗ್ ಹುಟ್ಟಿದ್ದು 1949ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದ ಉತ್ತರಕ್ಕಿರುವ ಹ್ಯಾಮಿಲ್ಟನ್ ನೆಲೆಯಲ್ಲಿ, ರಿಸರ್ವ್ ಘಟಕವಾಗಿ. ಗ್ರೂಪಿನ ಯುದ್ಧಗೌರವ ವಿಂಗ್‌ಗೆ ಬಂದದ್ದು ನಿಯಮದ ಪ್ರಕಾರ ಕೊಟ್ಟಿದ್ದರಿಂದ. ‘ನಮ್ಮ ವಿಂಗ್ ಎರಡನೇ ಮಹಾಯುದ್ಧದಲ್ಲಿತ್ತು’ ಅಂತ ಗೋಡೆ ಮೇಲೆ ಬರೆಯುವ ಆಸೆ ಎಲ್ಲರಿಗೂ ಇತ್ತು. ನಾನು ಬರೆಯಲಿಲ್ಲ. ‘ನಮ್ಮ ಗ್ರೂಪ್’ ಅಂತ ಬರೆದೆ.

ಪಟ್ಟಿಯಲ್ಲಿ ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿದ್ದು ಎರಡು ತಾರೀಕು. 1951ರ ಏಪ್ರಿಲ್ 1ರಂದು ಕೊರಿಯಾ ಯುದ್ಧಕ್ಕಾಗಿ ಫುಲ್‌ಟೈಮ್ ಸೇವೆಗೆ ಬನ್ನಿ ಅಂತ ವಿಂಗ್‌ಗೆ ಕರೆ. ಏಪ್ರಿಲ್ 2ರಂದು ವಿಂಗ್ ಬಂದ್. ಸೇನೆಗೆ ಬೇಕಾಗಿದ್ದದ್ದು ವಿಂಗ್ ಅಲ್ಲ, ಅದರಲ್ಲಿದ್ದ ಜನ. ಬೇರೆ ಬೇರೆ ಘಟಕಗಳಲ್ಲಿ ಖಾಲಿ ಇದ್ದ ಜಾಗಗಳಿಗೆ ಅವರನ್ನು ಹಂಚಿಬಿಟ್ಟರು. ಕಾಗದದಲ್ಲಿ ನೋಡಿದರೆ ಕೊರಿಯಾದಲ್ಲಿ 349ನೇ ವಿಂಗ್ ಇರಲೇ ಇಲ್ಲ. ಹಂಚಿಹೋದ ಜನರ ಕೆಲಸವೆಲ್ಲ ಬೇರೆಯವರ ಲೆಕ್ಕದಲ್ಲಿದೆ. ಇಲ್ಲಿ ನಾನು ಮಾಡಿದ್ದು ಇಷ್ಟೇ: ಘಟಕದ ದಾಖಲೆ ಪಕ್ಕಕ್ಕಿಟ್ಟು ವರ್ಗಾವಣೆಯ ಆದೇಶಗಳನ್ನು ಹುಡುಕಿದೆ, ಮನೆಯವರು ಎತ್ತಿಟ್ಟಿದ್ದ ಪತ್ರಗಳನ್ನು ಕೇಳಿದೆ. ಸ್ವಲ್ಪ ಸಿಕ್ಕಿತು.

1952ರಲ್ಲಿ ಮತ್ತೆ ಶುರುವಾದಾಗ ಅದು ಸಾಗಣೆಯ ವಿಂಗ್ ಅಲ್ಲ, ಫೈಟರ್-ಬಾಂಬರ್ ವಿಂಗ್. 1957ರಲ್ಲಿ ಮತ್ತೆ ಸಾಗಣೆ, ಈ ಸಲ ಸಿ-119. ಆ ಐದು ವರ್ಷದ ಫೈಟರ್‌ಗಳ ಬಗ್ಗೆ ಒಂದು ಪ್ಯಾರಾ ಬರೆದು ಮುಂದೆ ಹೋದೆ. ಫೈಟರ್ ಪ್ರಿಯರು ಬೈದರು, ಬೈಯಲಿ ಬಿಡಿ.

1962ರ ಅಕ್ಟೋಬರ್ 28, ಕ್ಯೂಬಾ ಬಿಕ್ಕಟ್ಟು. ರಿಸರ್ವ್‌ನ ಎಂಟು ಸಾಗಣೆ ವಿಂಗ್‌ಗಳಿಗೆ ಕರೆ ಹೋಯಿತು, 14,220 ಜನ, 422 ವಿಮಾನ. ಕ್ಯೂಬಾದಿಂದ ಕ್ಷಿಪಣಿ ವಾಪಸ್ ತೆಗೆಯುತ್ತೇವೆ ಅಂತ ಸೋವಿಯತ್ ನಾಯಕ ಕ್ರುಶ್ಚೇವ್ ಹೇಳಿದ್ದೂ ಅದೇ ದಿನ! ಆದರೂ ಒಂದು ತಿಂಗಳು ಯಾರನ್ನೂ ಮನೆಗೆ ಬಿಡಲಿಲ್ಲ. ಅದೇ ಹೊತ್ತಿಗೆ ಹಿಮಾಲಯದಲ್ಲಿ ಚೀನಾ ಯುದ್ಧ ನಡೆಯುತ್ತಿತ್ತಲ್ಲ, ಅಮೆರಿಕದ ಸಿ-130ಗಳು ಭಾರತಕ್ಕೂ ಬಂದಿದ್ದವು. ನಾನು ಕನ್ನಡದವನು, ಈ ಎರಡನ್ನೂ ಒಂದು ಗಂಟು ಹಾಕುವ ಆಸೆ ಬಂತು. ಆದರೆ ಅವು ಫುಲ್‌ಟೈಮ್ ವಾಯುಪಡೆಯವು, ನಮ್ಮವಲ್ಲ. ಬಿಟ್ಟುಬಿಟ್ಟೆ.

ಕರೆ ಬಂದ ತಾರೀಕುಗಳನ್ನೇ ನಂಬಿಕೊಂಡರೆ ಇನ್ನೊಂದು ಮೋಸ ಇದೆ. 1973ರ ಅಕ್ಟೋಬರ್‌ನಲ್ಲಿ ಇಸ್ರೇಲಿಗೆ ಸಿ-141, ಸಿ-5ಗಳಲ್ಲಿ ಶಸ್ತ್ರಾಸ್ತ್ರ ಸಾಗಿಸಿದಾಗ ರಿಸರ್ವ್‌ಗೆ ಅಧಿಕೃತ ಕರೆಯೇ ಇರಲಿಲ್ಲ. ಹೋದವರೆಲ್ಲ ಸ್ವಯಂಸೇವಕರು. ಅಂಥವರು ಕರೆಯ ಪಟ್ಟಿಯಲ್ಲಿ ಎಲ್ಲೂ ಕಾಣುವುದಿಲ್ಲ. ಆಗಿನ ಹಾರಾಟದ ಆದೇಶಗಳಲ್ಲಿ ಸಿಬ್ಬಂದಿಯ ಹೆಸರಿನ ಮುಂದೆ ಘಟಕದ ಸಂಖ್ಯೆ ನೋಡಿ ಒಂದೊಂದಾಗಿ ಹೆಕ್ಕಬೇಕು. ಬೇಜಾರಿನ ಕೆಲಸ, ಆದರೆ ನನ್ನ ಪ್ರಕಾರ ರಿಸರ್ವ್ ಚರಿತ್ರೆಯ ಮುಕ್ಕಾಲು ಪಾಲು ಅಲ್ಲೇ ಇದೆ. ಆದರೆ 1968ರ ಜನವರಿಯಲ್ಲಿ ಅಮೆರಿಕದ ಬೇಹುಗಾರಿಕೆ ಹಡಗು ಪ್ಯೂಬ್ಲೊ ಉತ್ತರ ಕೊರಿಯಾದ ಕೈಗೆ ಸಿಕ್ಕಾಗ, ಮತ್ತೆ 1990ರಲ್ಲಿ ಕುವೈತ್ ಬಿಕ್ಕಟ್ಟಿನ ಹೊತ್ತಿಗೆ ಅಧಿಕೃತವಾಗಿ ಕರೆದರು. ಅವುಗಳ ಬಗ್ಗೆ ಬರೆಯುವುದು ಸುಲಭ, ಫೈಲ್ ತುಂಬಾ ಕಾಗದ.

ಹಳಬರನ್ನು ಮಾತಾಡಿಸುವಾಗ ನನ್ನ ಕಸುಬು ಕೈಹಿಡಿಯಿತು. ‘ಆಗ ಹೇಗಿತ್ತು ಸರ್’ ಅಂದರೆ ‘ಚೆನ್ನಾಗಿತ್ತು’ ಅಂತಾರೆ, ಮುಗೀತು. ‘ಸಿ-124ರ ಹೊಟ್ಟೆಯಲ್ಲಿದ್ದ ಲಿಫ್ಟ್‌ನಲ್ಲಿ ಏನೇನು ಏರಿಸುತ್ತಿದ್ದಿರಿ’ ಅಂತ ಕೇಳಿ, ಎರಡು ಗಂಟೆ ಮಾತು. ಹಾರುತ್ತಿರುವ ಸಿ-119ರಿಂದ ಸಾಮಾನು ಕೆಳಗೆ ಬೀಳಿಸಬೇಕಾದರೆ ಹಿಂದಿನ ದೊಡ್ಡ ಬಾಗಿಲುಗಳನ್ನು ನೆಲದ ಮೇಲೇ ಕಳಚಿಟ್ಟು ಹೊರಡಬೇಕಿತ್ತು. ಆಮೇಲೆ ದಾರಿಯುದ್ದಕ್ಕೂ ಚಳಿ. ಆ ಚಳಿ ನೆನಪಾದರೆ ಯಾವ ತಿಂಗಳು, ಯಾವ ಊರು, ಜೊತೆಗೆ ಯಾರಿದ್ದರು ಎಲ್ಲ ನೆನಪಾಗುತ್ತದೆ.

ತಾರೀಕಿಲ್ಲದ ಫೋಟೊಗಳಿಗೂ ಇದೇ ದಾರಿ. ನಾವು ಇವತ್ತೂ ಬಳಸುವ 463ಎಲ್ ಪ್ಯಾಲೆಟ್, ಅಂದರೆ 108 ಇಂಚು ಉದ್ದ, 88 ಇಂಚು ಅಗಲದ ಅಲ್ಯೂಮಿನಿಯಂ ಹಲಗೆ, ಬಂದದ್ದು 1960ರ ದಶಕದ ಶುರುವಿನಲ್ಲಿ. ಫೋಟೊದಲ್ಲಿ ಅದು ಕಂಡರೆ 1950ರ ದಶಕದ್ದಲ್ಲ ಅಂತ ಕಣ್ಣು ಮುಚ್ಚಿ ಹೇಳಬಹುದು. ಆಲ್ಬಮ್‌ನಲ್ಲಿ ‘1955’ ಅಂತ ಯಾರೋ ಬರೆದಿದ್ದರೂ ಸರಿ.

ಕೊನೆಗೆ ಪುಸ್ತಿಕೆಯಲ್ಲಿ ಪ್ರತಿ ಘಟನೆಗೂ ಮೂರು ಸಾಲು ಇಟ್ಟೆ: ವಿಮಾನ ಯಾರದ್ದು, ಸಿಬ್ಬಂದಿ ಯಾರು, ಸಾಮಾನು ತುಂಬಿದವರು ಯಾರು. ಮೂರನೆಯದು ಎಷ್ಟೋ ಕಡೆ ಖಾಲಿ ಇದೆ. 2024ರ ಸೆಪ್ಟೆಂಬರ್‌ನಲ್ಲಿ ಕೆಸಿ-10 (ಆಕಾಶದಲ್ಲೇ ಇಂಧನ ತುಂಬುವ ವಿಮಾನ) ಟ್ರಾವಿಸ್‌ನಿಂದ ಕೊನೆಯ ಸಲ ಹೋದಾಗ ಎಲ್ಲರೂ ಫೋನಿನಲ್ಲಿ ಫೋಟೊ ಹೊಡೆದುಕೊಂಡರು. ಫೋನ್ ಫೋಟೊದ ಹಿಂದೆ ಹೆಸರು ಬರೆಯೋಕಾಗಲ್ಲ ಅಲ್ವಾ? ಅದಕ್ಕೆ ಈಗ ತಿಂಗಳ ಡ್ರಿಲ್ ವಾರಾಂತ್ಯದಲ್ಲಿ ಎಲ್ಲರಿಗೂ ಕಾಟ ಕೊಡುತ್ತಿದ್ದೇನೆ: ಫೈಲ್ ಹೆಸರಿನಲ್ಲೇ ತಾರೀಕು, ಬಾಲದ ನಂಬರ್, ಎಡದಿಂದ ಬಲಕ್ಕೆ ನಿಂತವರ ಹೆಸರು ಹಾಕಿ ಕಳಿಸಿ ಅಂತ. ಅರ್ಧ ಜನ ಕಳಿಸಿದ್ದಾರೆ, ಉಳಿದವರ ಹಿಂದೆ ಬಿದ್ದಿದ್ದೇನೆ.