ಡಯಟ್ ಚೀಟಿ ಬರೆಯುವ ಮುಂಚೆ ‘ಹತ್ತಕ್ಕೆ ಎಷ್ಟು?’ ಎಂದು ಕೇಳಿ
ಬೊಜ್ಜಿರುವ ಮಗು ಕ್ಲಿನಿಕ್ಕಿಗೆ ಬಂದಾಗ ಬದಲಿಸಬೇಕಾದ ಒಂದೇ ಒಂದು ಅಭ್ಯಾಸವನ್ನು ಮಗುವೇ ಆರಿಸಲಿ. ಆಮೇಲೆ ‘ಎರಡು ವಾರ ಇದನ್ನು ಮಾಡ್ತೀನಿ ಅನ್ನೋ ನಂಬಿಕೆ 10ಕ್ಕೆ ಎಷ್ಟು?’ ಎಂದು ಕೇಳಿ. ಉತ್ತರ 7ಕ್ಕಿಂತ ಕಡಿಮೆಯಾದರೆ ಉಪದೇಶ ಹೆಚ್ಚಿಸಬೇಡಿ, ಗುರಿ ಚಿಕ್ಕದು ಮಾಡಿ: ‘ಸಕ್ಕರೆ ಬಿಡ್ತೀನಿ’ ಎನ್ನುವುದು ‘ಸಂಜೆ ಹಾಲಿಗೆ ಎರಡು ಚಮಚದ ಬದಲು ಒಂದು’ ಆಗಲಿ. 5 ಎಂದರೆ ‘ಯಾಕೆ 3 ಅಲ್ಲ?’ ಎಂದೇ ಕೇಳಬೇಕು. ‘ಯಾಕೆ 8 ಅಲ್ಲ?’ ಎಂದರೆ ನೆಪಗಳ ಪಟ್ಟಿ ಬರುತ್ತದೆ. ಮೊದಲನೆಯದಕ್ಕೆ ಮಗು ತನ್ನದೇ ಕಾರಣ ಹೇಳುತ್ತದೆ, ಡಾಕ್ಟರು ಹೇಳಿದ ಕಾರಣಕ್ಕಿಂತ ಅದು ಹೆಚ್ಚು ದಿನ ನಿಲ್ಲುತ್ತದೆ. ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗುರುತು ಹಾಕಲಿ. ಎಣಿಸಬೇಕಾದ್ದು ಆ ಗುರುತುಗಳನ್ನು, ಕಿಲೋಗಳನ್ನಲ್ಲ. ಬೆಳೆಯುವ ಮಗುವಿನ ತೂಕ ಇದ್ದಲ್ಲೇ ನಿಂತು ಎತ್ತರ ಏರಿದರೂ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಇಳಿಯುತ್ತದೆ. ಈ ‘ಹತ್ತಕ್ಕೆ ಎಷ್ಟು?’ ಪ್ರಶ್ನೆ ಕೈಕೊಡುವುದು ಎಲ್ಲಿ? ಏಳೆಂಟು ವರ್ಷದೊಳಗಿನವರಿಗೆ ಅಂಕಿಯ ಅಂದಾಜು ಸಿಗದು. ಅಡುಗೆ ಮಾಡುವವರನ್ನೇ ಕೇಳಿ. ತಿಂಡಿ ಡಬ್ಬಿ ಅಜ್ಜಿಯ ಕೈಯಲ್ಲಿದ್ದು, ಅಜ್ಜಿ ಕ್ಲಿನಿಕ್ಕಿಗೆ ಬಾರದೆ ಮನೆಯಲ್ಲೇ ಉಳಿದಿದ್ದರೆ ಮಗು ಹೇಳುವ 10ಕ್ಕೂ ಬೆಲೆಯಿಲ್ಲ. ತೂಕ ಏರುತ್ತಾ ಎತ್ತರ ನಿಂತಿದ್ದರೆ, ಕತ್ತಿನ ಚರ್ಮ ಕಪ್ಪಾಗಿ ದಪ್ಪಗಾಗಿದ್ದರೆ, ರಾತ್ರಿ ಜೋರು ಗೊರಕೆಯಿದ್ದರೆ ಅಭ್ಯಾಸದ ಮಾತಷ್ಟೇ ಸಾಲದು, ಅವತ್ತೇ ತಪಾಸಣೆಗೆ ಬರೆಯಿರಿ.